ಅರಮನೆ ಎದುರು ಸೀತಕ್ಕ ಕೂ ಹಾಕಿದ್ದು

ಸೀತಕ್ಕನಿಗೆ ಪೇಟೆ ಎಂದರೆ ಪ್ರಾಣ. ನಾನು ಮದುವೆಯಾಗಿ ಬಸರೀಕಟ್ಟೆಯ ಕಾಫಿ ತೋಟಕ್ಕೆ ಬಂದ ದಿನದಿಂದಲೂ ಅವಳು ಕೂಲಿಯವರ ಲೈನಿನಲ್ಲಿ ನನ್ನ ಪಕ್ಕದ ಕೋಣೆಯವಳು. ನನ್ನ ಗಂಡ ತೀರಿಕೊಂಡಾಗ ಗಂಜಿ ಮಾಡಿ ತಂದು, ನಾನು ಉಣ್ಣುವವರೆಗೆ ಎದುರಿಗೇ ಕೂತಿದ್ದಳು. ಸಮಾಧಾನದ ಮಾತು ಅವಳಿಗೆ ಬರುವುದಿಲ್ಲ. "ಭದ್ರಾವತಿಯಲ್ಲಿ ರಸ್ತೆ ನಡುವೆ ಹೂವಿನ ಗಿಡ ನೆಟ್ಟಿದ್ದಾರಂತೆ ಭೈರಮ್ಮ" ಎಂದಳು. ಅಳುತ್ತಿದ್ದವಳಿಗೆ ನಗು ಬಂತು.

ತೋಟಕ್ಕೆ ಯಾವ ಜೀಪು ಬರಲಿ, ಡ್ರೈವರನ್ನು ಹಿಡಿದು ಪೇಟೆಯ ಸುದ್ದಿ ಕೇಳುವಳು. ನಾವಿಬ್ಬರೂ ರಜೆಯಲ್ಲಿ ಶೃಂಗೇರಿಗೆ ಹೋದರೆ ನಾನು ತುಂಗೆಯ ಮೆಟ್ಟಿಲ ಮೇಲೆ ಮೀನಿಗೆ ಮಂಡಕ್ಕಿ ಹಾಕುತ್ತಿದ್ದೆ, ಅವಳು ಬೀದಿಯಲ್ಲಿ ಪಾತ್ರೆ ಅಂಗಡಿ ನೋಡುತ್ತಿದ್ದಳು. ನರಸಿಂಹರಾಜಪುರದಲ್ಲಿ ನನ್ನ ತಂಗಿಯ ಮನೆ. ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋದಾಗ ಭದ್ರಾ ಹಿನ್ನೀರು ತೋರಿಸಿದೆ. ಕಣ್ಣು ಹಾಯುವಷ್ಟೂ ನೀರು. ಸೀತಕ್ಕ ಅದಕ್ಕೆ ಬೆನ್ನು ಹಾಕಿ ಕೂತಳು.

"ನೀರು ನೋಡುದಕ್ಕೆ ಬಸ್ಸು ಹತ್ತಿ ಬರಬೇಕಾ ಮಾರಾಯ್ತಿ? ನಮ್ಮ ಸೂರಿನಿಂದಲೇ ಬೇಕಾದಷ್ಟು ಬೀಳ್ತದೆ. ಏಳು, ಬೇಕರಿ ನೋಡುವ."

ತೋಟದಲ್ಲಿ ನಾವಿಬ್ಬರೂ ಜೋಡಿ. ಕಾಫಿ ಕುಯ್ಯುವಾಗ ಗಿಡಗಳ ನಡುವೆ ಪಕ್ಕದ ಸಾಲಿನವಳೂ ಕಾಣುವುದಿಲ್ಲ. ಅದಕ್ಕೇ ಜೋಡಿಯಾಗಿ ಸಾಲು ಹಿಡಿದು, ಆಗಾಗ ಕೂ ಹಾಕಿಕೊಳ್ಳುವುದು ಪದ್ಧತಿ. ಒಬ್ಬಳು ಕೂ ಎಂದರೆ ಜೊತೆಯವಳು ಓಗೊಡಲೇಬೇಕು. ಓಗೊಡದಿದ್ದರೆ ಜಾರಿ ಬಿದ್ದಿದ್ದಾಳೆ, ಇಲ್ಲವೇ ಹಾವು ಕಚ್ಚಿದೆ ಎಂದು ಚೀಲ ಬಿಸುಟು ಓಡಬೇಕು. ಒಬ್ಬೊಬ್ಬರದು ಒಂದೊಂದು ಥರದ ಕೂ. ಸೀತಕ್ಕನದು ಎರಡು ಗಿಡ್ಡ, ಒಂದು ಉದ್ದ. ನನ್ನದು ಉದ್ದ, ಕೊನೆಗೆ ತುಸು ಎತ್ತರ.

ಹೋದ ವರ್ಷದ ಕುಯ್ಲಿನಲ್ಲಿ ಸೀತಕ್ಕನ ಮೊಣಕಾಲು ಕೈಕೊಟ್ಟಿತು. ಗುಡ್ಡ ಹತ್ತಲು ಆಗುತ್ತಿರಲಿಲ್ಲ. ಮೈಸೂರಿನ ಹಾಸ್ಟೆಲೊಂದರಲ್ಲಿ ಅಡುಗೆಗಿದ್ದ ಅವಳ ತಂಗಿಯ ಮಗಳು ಅನಿತಾ ಫೋನು ಮಾಡಿದಳು: "ದೊಡ್ಡಮ್ಮ, ಇಲ್ಲಿಗೆ ಬಾ. ಕೂತು ತರಕಾರಿ ಹೆಚ್ಚಿದ್ರೆ ಆಯ್ತು. ಇರುದಕ್ಕೆ ರೂಮು ಉಂಟು."

ಸೀತಕ್ಕ ಮರುದಿನವೇ ತೋಟದ ಮೇಸ್ತ್ರಿ ರಾಜಶೇಖರನಿಗೆ ಕೋಣೆಯ ಬೀಗದ ಕೈ ಒಪ್ಪಿಸಿದಳು. ಕೊಟ್ಟ ಕೋಣೆ ಮತ್ತೆ ಸಿಗುವುದಿಲ್ಲ ಎಂಬುದು ಲೈನಿನಲ್ಲಿ ಎಲ್ಲರಿಗೂ ಗೊತ್ತು. ಹೋಗಬೇಡ ಎನ್ನುವುದು ನನ್ನ ನಾಲಿಗೆ ತುದಿವರೆಗೆ ಬಂತು. ಜೀವಮಾನವಿಡೀ ಆಸೆಪಟ್ಟವಳಿಗೆ ಹಾಗೆ ಹೇಳುವುದು ಹೇಗೆ? "ಬಿಟ್ಟು ಬರ್ತೇನೆ, ನಡಿ" ಎಂದು ಜೊತೆಗೆ ಹೊರಟೆ.

ಮೈಸೂರಿನಲ್ಲಿ ಮೊದಲೆರಡು ದಿನ ಅವಳ ಕಾಲಿಗೆ ನೋವೇ ಇರಲಿಲ್ಲ. ಸಿಗ್ನಲ್ಲಿನ ದೀಪ ಕೆಂಪಾಗಿ ಹಸಿರಾಗುವುದನ್ನು ಮಕ್ಕಳ ಹಾಗೆ ನಿಂತು ನೋಡಿದಳು. ಮೂರನೆಯ ದಿನ ಮಾತು ಕಡಿಮೆಯಾಯಿತು. ತರಕಾರಿ ಹೆಚ್ಚುವ ಕಡೆ ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಸಿಪ್ಪೆ ಎಲ್ಲಿಗೆ ಎಸೆಯಲಿ ಎಂದು ಕೇಳಿದಳು. ಅನಿತಾ ಪ್ಲಾಸ್ಟಿಕ್ ಬುಟ್ಟಿ ತೋರಿಸಿದಳು. "ಗಿಡದ ಬುಡಕ್ಕೆ ಹಾಕುದಿಲ್ವಾ?" ಎಂದಳು ಸೀತಕ್ಕ. ಗಿಡ ಎಲ್ಲಿತ್ತು!

ಭಾನುವಾರ ಸಂಜೆ ಅರಮನೆಯ ದೀಪ ನೋಡಲು ಇಬ್ಬರೇ ಹೋದೆವು. ಮೊಬೈಲು ರೂಮಿನಲ್ಲಿ ಚಾರ್ಜಿಗಿತ್ತು. ಒಮ್ಮೆಲೇ ಅಷ್ಟೂ ದೀಪ ಹತ್ತಿದಾಗ ಸೀತಕ್ಕ ನನ್ನ ಕೈ ಹಿಸುಕಿದಳು. ಸುಳ್ಳೇಕೆ, ಬಹಳ ಚೆಂದವೇ. ಆಮೇಲೆ ದೀಪಗಳು ಒಮ್ಮೆಲೇ ಆರಿದವು. ಕಣ್ಣಿಗೆ ಕತ್ತಲೆ. ಜನ ಹೊಳೆಯ ಹಾಗೆ ಗೇಟಿನತ್ತ ನುಗ್ಗಿದರು. ನನ್ನ ಕೈಯಲ್ಲಿದ್ದ ಕೈ ತಪ್ಪಿಹೋಯಿತು.

ಹೆಸರು ಹಿಡಿದು ಕರೆಯಬಹುದಿತ್ತು. ಆದರೆ ಎಲ್ಲಿಂದಲೋ ಕೇಳಿತು: ಕೂ, ಕೂ, ಕೂ...! ನನ್ನ ಬಾಯಿ ತಾನಾಗಿಯೇ ತೆರೆದುಕೊಂಡು ಓಗೊಟ್ಟಿತು. ಸುತ್ತಲಿನವರು ತಿರುಗಿ ನೋಡಿದರು. ಕಾಲೇಜು ಹುಡುಗರು ನಗುತ್ತಾ ತಾವೂ ಕೂ ಹಾಕತೊಡಗಿದರು. ಆ ಕಡೆಯಿಂದೊಂದು, ಈ ಕಡೆಯಿಂದೊಂದು. ಆದರೂ ಎರಡು ಗಿಡ್ಡ ಒಂದು ಉದ್ದ ನನಗೆ ಬೇರೆಯೇ ಕೇಳುತ್ತಿತ್ತು. ಅದನ್ನೇ ಹಿಡಿದು ನಡೆದೆ. ಗೇಟಿನ ಕಂಬ ತಬ್ಬಿಕೊಂಡು ನಿಂತಿದ್ದಳು. ಎದುರಿಗೆ ಪೊಲೀಸಿನವನು.

"ಯಾಕಮ್ಮಾ ಹಿಂಗೆ ಕಿರುಚ್ತಿದ್ದೀಯ?"

"ಕಿರುಚುದಲ್ಲ ಸಾರ್, ಕೂ ಹಾಕುದು. ನಮ್ಮ ಜನ ತಪ್ಪಿಹೋಯ್ತು."

"ತಪ್ಪಿಹೋಗಿರೋದು ನೀನು ಕಣಮ್ಮಾ" ಎಂದು ನಕ್ಕು, ಇಬ್ಬರನ್ನೂ ರಸ್ತೆ ದಾಟಿಸಿದ.

ಫುಟ್‌ಪಾತಿನ ಕಟ್ಟೆಯ ಮೇಲೆ ಕೂತೆವು. ಸೀತಕ್ಕ ಸೆರಗಿನ ತುದಿ ಸುತ್ತುತ್ತಿದ್ದಳು.

"ನಾ ಹಾಕಿದ ಕೂ ವಾಪಸ್ ಬರಲೇ ಇಲ್ಲ ಭೈರಮ್ಮ."

"ನಾ ಓಗೊಟ್ಟೆನಲ್ಲೇ."

"ನಿಂದಲ್ಲ, ಗುಡ್ಡದ್ದು. ಅಲ್ಲಿ ನೀನು ಸುಮ್ಮನಿದ್ರೂ ಗುಡ್ಡ ಓಗೊಡ್ತದೆ. ಇಲ್ಲಿ ಎಲ್ಲಿ ಹೋಗಿ ಬಿತ್ತೋ ಎಂತದೋ." ಸುತ್ತಿದ್ದ ಸೆರಗು ಬಿಟ್ಟು, "ನಾ ನಿನ್ನ ಒಟ್ಟಿಗೇ ಬರ್ತೇನೆ" ಎಂದಳು.

ಕೋಣೆ ಇಲ್ಲವಲ್ಲ, ಕಾಲು ಬೇರೆ ಹೀಗೆ ಎಂದು ನಾನೇ ನೆನಪು ಮಾಡಿದೆ. ಒಳಗೊಳಗೇ ಎದೆ ಕುಣಿಯುತ್ತಿತ್ತು.

ಬೆಳಿಗ್ಗೆ ಅನಿತಾ ಹಣೆ ಚಚ್ಚಿಕೊಂಡಳು. "ಹುಟ್ಟಿದಾಗಿನಿಂದ ಪೇಟೆ ಪೇಟೆ ಅಂದವಳು ನೀನೇ ಅಲ್ವಾ ದೊಡ್ಡಮ್ಮ!"

"ನೋಡಿ ಆಯ್ತಲ್ಲ ಮಗಾ" ಎಂದಳು ಸೀತಕ್ಕ.

ಆಲ್ದೂರು ದಾಟಿದ ಮೇಲೆ ಬಸ್ಸಿನೊಳಗೆ ಪರಿಮಳ ತುಂಬಿತು. ನಾವು ಇಲ್ಲದಾಗ ಮಳೆ ಬಿದ್ದು ಕಾಫಿ ಹೂವಾಗಿತ್ತು. ರಸ್ತೆಯ ಎರಡೂ ಬದಿಯ ಇಳಿಜಾರು ಬೆಳ್ಳಗೆ. ಸೀತಕ್ಕ ಕಿಟಕಿಯ ಹೊರಗೆ ಕೈ ಚಾಚಿದಳು. "ಅಜ್ಜಿ, ಕೈ ಒಳಗೆ!" ಎಂದು ಕಂಡಕ್ಟರ್ ಗದರಿದರೂ ಎಳೆದುಕೊಳ್ಳಲಿಲ್ಲ.

"ಇದು ಇಷ್ಟು ಚೆಂದ ಉಂಟಂತ ನಂಗೆ ಗೊತ್ತೇ ಇರ್ಲಿಲ್ಲ."

"ವರ್ಷಾ ವರ್ಷಾ ನೋಡ್ತೀಯಲ್ಲೇ!"

"ಗಿಡದ ಬುಡದಲ್ಲಿ ಬಗ್ಗಿದವಳಿಗೆ ಎಂತ ಕಾಣ್ತದೆ?"

ಜಯಪುರದಲ್ಲಿಳಿದು ಜೀಪು ಹಿಡಿದು ತೋಟ ಮುಟ್ಟಿದೆವು. ಅವಳ ಕೋಣೆಗೆ ಆಗಲೇ ಅಸ್ಸಾಮಿನ ಸಂಸಾರವೊಂದು ಬಂದಿತ್ತು. ರಾಜಶೇಖರ ಬಾಗಿಲಲ್ಲೇ ಸಿಕ್ಕಿದ. "ಎಂತ ಸೀತಕ್ಕ, ಪೇಟೆ ಮುಗಿದೇ ಹೋಯ್ತಾ?"

"ಪೇಟೆ ಅಲ್ಲೇ ಉಂಟು ಮಾರಾಯ, ಬೇಕಾದ್ರೆ ನೀ ಹೋಗು. ನಂಗೆ ಕೂತು ಮಾಡುವ ಕೆಲಸ ಎಂತದಾದ್ರೂ ಕೊಡು."

ಅವನು ನಗುತ್ತಲೇ ಕಣದಲ್ಲಿ ಮೆಣಸು ಆರಿಸುವ ಕೆಲಸ ಕೊಟ್ಟ. ಕೋಣೆ ಮಾತ್ರ ಕೊಡಲಾಗಲಿಲ್ಲ. ನಾನು ನನ್ನ ಟ್ರಂಕನ್ನು ಮೂಲೆಗೆ ಸರಿಸಿ ಇನ್ನೊಂದು ಚಾಪೆ ಬಿಡಿಸಿದೆ. ಈಗ ನಡುವೆ ಆ ಒಂದು ಗೋಡೆಯೂ ಇಲ್ಲ. ಗೊರಕೆ ಹೊಡೆಯುತ್ತಾಳೆ ಎಂಬುದು ಇಷ್ಟು ವರ್ಷ ತಿಳಿದೇ ಇರಲಿಲ್ಲ.

ಮೊನ್ನೆ ತಂಗಿಯ ಮನೆಗೆ ಮತ್ತೆ ಹೋಗಿದ್ದೆವು. ಹಿನ್ನೀರಿನ ದಡದಲ್ಲಿ ಸೀತಕ್ಕ ಈ ಸಲ ನೀರಿಗೆ ಮುಖ ಮಾಡಿ ಕಾಲು ಚಾಚಿದಳು. ನನಗೆ ಒಂದು ಜೊತೆ ಚಪ್ಪಲಿ ಕೊಳ್ಳಬೇಕಿತ್ತು.

"ಏಳೇ, ಅಂಗಡಿ ಬಾಗಿಲು ಹಾಕ್ತಾರೆ."

"ಹಾಕಲಿ" ಎಂದಳು, ತಿರುಗಿಯೂ ನೋಡದೆ. ಆಮೇಲೆ ಎರಡೂ ಕೈ ಬಾಯಿಗೆ ಹಿಡಿದು ನೀರಿನಾಚೆಯ ಗುಡ್ಡಕ್ಕೆ ಒಂದು ಕೂ ಹಾಕಿ, ಕಿವಿಗೊಟ್ಟು ಕಾಯುತ್ತಾ ಕೂತಳು. ನಾನೂ ಪಕ್ಕದಲ್ಲಿ ಕೂತೆ.