ಬಾಟನಿಯ ಮೂರನೆಯವಳು

ಪಿಯುಸಿ ಮುಗಿಸಿದ ವರ್ಷ ನೀಟ್ ಪರೀಕ್ಷೆಯಲ್ಲಿ ನನಗೆ ಬಂದ ಅಂಕಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, ಈಗ ನನ್ನನ್ನು ಕೇಳಿ ಮಾತ್ರೆ ನುಂಗುತ್ತಿರುವ ನೆಂಟರೆಲ್ಲ ನಿಲ್ಲಿಸಿಬಿಟ್ಟಾರು. ಸರ್ಕಾರಿ ಮೆಡಿಕಲ್ ಸೀಟಿಗೆ ಸಾಲದಷ್ಟು ಬಂದಿತ್ತು, ಖಾಸಗಿ ಸೀಟಿನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ ಎಂದರೆ ಸಾಕು. ಇನ್ನೊಂದು ವರ್ಷ ಓದಿ ಮತ್ತೆ ಬರೆಯುತ್ತೇನೆ ಎಂದೆ. ಡಾಕ್ಟರಾಗುವ ಹುಚ್ಚು ಅಪ್ಪ ಅಮ್ಮ ಹತ್ತಿಸಿದ್ದಲ್ಲ, ನನ್ನದೇ ಸ್ವಂತದ್ದು.

ನಾನು ಓದುವುದರ ಬಗ್ಗೆ ಅಮ್ಮನಿಗೆ ತಕರಾರಿರಲಿಲ್ಲ. ಮನೆಯಲ್ಲಿ ಕೂತು ಓದುವುದರ ಬಗ್ಗೆ ಇತ್ತು. ಮೂಡಲಪಾಳ್ಯದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಅಮ್ಮ ಬ್ಲೌಸ್ ಹೊಲಿಯುತ್ತಾರೆ. ಅಳತೆ ಕೊಡಲು ಬಂದ ಹೆಂಗಸರು ಎರಡೂ ಕೈ ಅಗಲಿಸಿ ನಿಂತ ಮೇಲೆ ಕೇಳುವ ಮೊದಲ ಪ್ರಶ್ನೆಯೇ, "ಮಗಳು ಏನ್ ಮಾಡ್ತಿದಾಳೆ?" ಎಂದು. ಮನೆಯಲ್ಲಿದ್ದಾಳೆ ಎಂದರೆ ಮುಂದಿನ ಸಲ ಬ್ಲೌಸ್ ಪೀಸಿನ ಜೊತೆ ಯಾವುದಾದರೂ ಹುಡುಗನ ಫೋಟೋ ಬರುವುದು ಖಂಡಿತ.

"ಯಾವ್ದಾದ್ರೂ ಒಂದು ಬಿ.ಎಸ್ಸಿ.ಗೆ ಸೇರ್ಕೊಂಡ್ಬಿಡು. ಹೆಸ್ರಿಗೆ ಕಾಲೇಜು, ಓದೋದು ನೀಟಿಗೆ" ಎಂದು ಅಮ್ಮ ತೀರ್ಪು ಕೊಟ್ಟರು.

ಸೇರುವಾಗ ಒಂದು ವಿಷಯವನ್ನು ಮೇಜರ್ ಎಂದು ಆರಿಸಿಕೊಳ್ಳಬೇಕಿತ್ತು. ಯಾವುದು? ವಾರಗಟ್ಟಲೆ ಈ ಪ್ರಶ್ನೆ ನಮ್ಮ ಹೊಲಿಗೆ ಮೆಷಿನ್ನಿನ ಸುತ್ತ ಸುತ್ತಿತು. ಡಾಕ್ಟರಿಕೆಗೆ ಹತ್ತಿರವಾದ್ದರಿಂದ ಜುವಾಲಜಿ ಎಂದರು ಒಬ್ಬರು. ಸೀಟು ಸಿಗದಿದ್ದರೂ ಕೆಲಸ ಸಿಗುತ್ತದೆ, ಕೆಮಿಸ್ಟ್ರಿ ಎಂದರು ಇನ್ನೊಬ್ಬರು. ಕೊನೆಗೆ ಮಹಡಿಯಿಂದ ಇಳಿದುಬಂದ ಮನೆ ಓನರ್ ಆಂಟಿ ವಿಷಯ ಇತ್ಯರ್ಥ ಮಾಡಿದರು.

"ಬಾಟನಿ ತಗೊಳ್ಳೇ. ನಮ್ಮಕ್ಕನ ಮಗಳು ಅದನ್ನೇ ಮಾಡಿದ್ಲು. ಮೂರು ವರ್ಷದಲ್ಲಿ ಕಾಲೇಜಿಗೆ ಹೋಗಿದ್ದು ಪರೀಕ್ಷೆಗೆ, ಎಥ್ನಿಕ್ ಡೇಗೆ, ಅಷ್ಟೇ. ಯಾರೂ ಸೇರಲ್ಲ, ಅದಕ್ಕೇ ಯಾರೂ ಕೇಳಲ್ಲ."

ಯಾರೂ ಸೇರದ ಕಡೆ ಪಾಠವೂ ನಡೆಯುವುದಿಲ್ಲ, ಪಾಠವಿಲ್ಲದ ಕಡೆ ನೀಟಿಗೆ ಬೇಕಾದಷ್ಟು ಸಮಯ. ಲೆಕ್ಕ ಎಷ್ಟು ಚೆನ್ನಾಗಿ ಕೂತಿತೆಂದರೆ ನಾನು ಎರಡನೆಯ ಸಲ ಯೋಚಿಸಲೇ ಇಲ್ಲ.

ವಿಜಯನಗರದ ಒಂದು ಸಣ್ಣ ಖಾಸಗಿ ಕಾಲೇಜಿಗೆ ಹೋದೆವು. ಕೌಂಟರಿನ ಕ್ಲರ್ಕ್ ನನ್ನ ಅರ್ಜಿ ನೋಡಿ ಕನ್ನಡಕ ಮೇಲೇರಿಸಿದರು. "ಬಾಟನೀನಾ? ಯೋಚ್ನೆ ಮಾಡಿ ಬರ್ದಿದ್ದೀರೇನಮ್ಮ?" ಹೌದು ಎಂದೆ. ಅವರು ಕುರ್ಚಿಯಲ್ಲೇ ಹಿಂದಕ್ಕೆ ವಾಲಿ, ಮೆಟ್ಟಿಲ ಕಡೆ ಬಾಯಿ ಮಾಡಿ ಕೂಗಿದರು: "ಮೇಡಂ! ಇನ್ನೊಬ್ಬಳು ಸಿಕ್ಕಿದ್ಲು!"

ಮೇಲಿನಿಂದ ದಡದಡ ಸದ್ದಾಯಿತು. ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಓಡಿ ಬಂದರು. ಕೈಗೆಲ್ಲ ಮಣ್ಣು ಮೆತ್ತಿತ್ತು. ಆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಅರ್ಜಿಯನ್ನು ತಾವೇ ತುಂಬಿದರು, ನಮ್ಮನ್ನು ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದರು, ಬೇಡವೆಂದರೂ ಅಮ್ಮನಿಗೆ ಒಂದು ಪ್ಲೇಟ್ ಮದ್ದೂರು ವಡೆ ತರಿಸಿದರು. ಸೇರಲು ಬಂದವರಿಗೆ ಯಾವ ಕಾಲೇಜಿನಲ್ಲಾದರೂ ವಡೆ ಕೊಡಿಸುತ್ತಾರೆಯೇ? ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಅಮ್ಮ ಮಾತ್ರ ದಾರಿಯುದ್ದಕ್ಕೂ ಆ ಮೇಡಂ ಎಷ್ಟು ಒಳ್ಳೆಯವರು ಎಂದು ಹೊಗಳಿದ್ದೇ ಹೊಗಳಿದ್ದು.

ಬಾಟನಿಯಲ್ಲಿ ನಾವು ಒಟ್ಟು ಮೂರು ಜನ. ಒಬ್ಬಳಿಗೆ ನಿಶ್ಚಿತಾರ್ಥವಾಗಿತ್ತು, ಗಂಡಿನ ಕಡೆಯವರು ಡಿಗ್ರಿ ಮುಗಿಯಲೇಬೇಕು ಎಂದಿದ್ದರು. ಇನ್ನೊಬ್ಬಳು ಕಂಪ್ಯೂಟರ್ ಸೈನ್ಸಿಗೆಂದು ಬಂದು, ಸೀಟೆಲ್ಲ ಭರ್ತಿಯಾಗಿ, ಸಿಕ್ಕಿದ್ದರಲ್ಲಿ ಕೂತವಳು. ಮೂರನೆಯವಳು ನಾನು. ಮೇಡಂ ಒಬ್ಬರೇ ಇಡೀ ವಿಭಾಗ. ಮೇಷ್ಟ್ರು, ಮುಖ್ಯಸ್ಥರು, ಕುಂಡಕ್ಕೆ ನೀರು ಹಾಕುವವರು ಎಲ್ಲ ಅವರೇ.

ಕೆಮಿಸ್ಟ್ರಿ ತರಗತಿಯಲ್ಲಿ ಎಪ್ಪತ್ತು ಜನರಿದ್ದರು. ಅಲ್ಲಿ ಹಾಜರಿ ಹೇಳಿ ಹಿಂದಿನ ಬಾಗಿಲಿನಿಂದ ಜಾರಿಕೊಂಡರೆ ದೇವರಿಗೂ ಗೊತ್ತಾಗುತ್ತಿರಲಿಲ್ಲ. ಮೂವರಲ್ಲಿ ಒಬ್ಬಳು ಜಾರುವುದು ಹೇಗೆ? ಒಂದು ಬೆಳಿಗ್ಗೆ ಲೈಬ್ರರಿಯಲ್ಲಿ ಫಿಸಿಕ್ಸ್ ಓದಲು ಕೂತೆ. ಐದು ನಿಮಿಷದಲ್ಲಿ ಅಮ್ಮನ ಫೋನು.

"ಎಲ್ಲಿ ಸತ್ತಿದೀಯೇ? ನಿಮ್ ಮೇಡಂ ಫೋನ್ ಮಾಡಿದ್ರು. ನೀನು ಬಂದಿಲ್ಲ ಅಂತ ಅಳೋದೊಂದು ಬಾಕಿ!"

ಓನರ್ ಆಂಟಿಯ ಅಕ್ಕನ ಮಗಳನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಂಡು ತರಗತಿಗೆ ಓಡಿದೆ.

ಶನಿವಾರವೂ ಬಿಡುತ್ತಿರಲಿಲ್ಲ ಮಹಾರಾಯ್ತಿ. ಒಂದು ಸಲ ಮೆಟ್ರೋ ಕಂಬಗಳ ಕೆಳಗಿನ ಫುಟ್‌ಪಾತಿಗೆ ಕರೆದುಕೊಂಡು ಹೋದರು. ಕಲ್ಲಿನ ಸಂದಿಯಲ್ಲಿ ನೆಲನೆಲ್ಲಿ ಬೆಳೆದಿದೆ, ಎಲೆಯ ಅಡಿಯಲ್ಲಿ ಅದರ ಹೂವು ಹುಡುಕಿ ಎಂದರು. ನಾಲ್ವರೂ ಬಗ್ಗಿದೆವು. ಸೊಪ್ಪಿನ ಚೀಲ ಹಿಡಿದು ಹೋಗುತ್ತಿದ್ದ ಯಜಮಾನರೊಬ್ಬರು ನಿಂತು, "ಏನ್ ಕಳ್ಕೊಂಡ್ರಮ್ಮ?" ಎಂದರು. ಮೇಡಂ ತಲೆಯೆತ್ತದೆ, "ತುಂಬಾ ಚಿಕ್ಕದು ಸಾರ್, ಚಪ್ಪಲಿ ಜೋಪಾನ" ಎಂದರು. ಪಾಪ, ಅವರೂ ಚೀಲ ಕೆಳಗಿಟ್ಟು ಬಗ್ಗಿದರು. ಹೂ ಮಾರುವಾಕೆ ಎದ್ದು ಬಂದಳು. ಆಟೋದವನೊಬ್ಬ ಗಾಡಿ ಪಕ್ಕಕ್ಕೆ ಹಾಕಿ, "ಮೂಗುತೀನಾ, ಓಲೇನಾ?" ಎನ್ನುತ್ತ ಮೊಬೈಲ್ ಟಾರ್ಚ್ ಬಿಟ್ಟ.

"ಸಿಕ್ತು!" ಎಂದು ಮೇಡಂ ಕೂಗಿದಾಗ ಎಲ್ಲರಿಗೂ ಸಂತೋಷವಾಯಿತು. ಅವರ ಬೆರಳ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಹಸಿರು ಹೂವಿತ್ತು. ಯಜಮಾನರು ಅದನ್ನೊಮ್ಮೆ, ಮೇಡಂ ಮುಖವನ್ನೊಮ್ಮೆ ನೋಡಿದರು. ಮೇಡಂ ಅವರನ್ನೂ ಬಿಡಲಿಲ್ಲ, ಗಿಡದ ಕಡ್ಡಿಯನ್ನು ತಿರುಗಿಸಿ, ಇದು ಗಂಡು ಹೂವು, ಇದು ಹೆಣ್ಣು ಹೂವು ಎಂದು ತೋರಿಸಿದರು. ಆಟೋದವನು ಪೂರ್ತಿ ಕೇಳಿಸಿಕೊಂಡು, "ನಮ್ಗೂ ಇಂಥ ಟೀಚರ್ ಇದ್ದಿದ್ರೆ ಓದ್ತಿದ್ನೇನೋ" ಎಂದು ಹೇಳಿ ಹೋದ. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಆದರೆ ಆ ಹೂವು ಇವತ್ತಿಗೂ ಮರೆತಿಲ್ಲ.

ಡಿಸೆಂಬರಿನಲ್ಲಿ ಸಿಕ್ಕಿಬಿದ್ದೆ. ಬಾಟನಿ ರೆಕಾರ್ಡ್ ಪುಸ್ತಕದ ರಟ್ಟಿನೊಳಗೆ ನೀಟ್ ಗೈಡ್ ಇಟ್ಟುಕೊಂಡು ಓದುವುದು ನನ್ನ ಉಪಾಯ. ಮೇಡಂ ಸಹಿ ಹಾಕಲೆಂದು ರೆಕಾರ್ಡ್ ಎಳೆದುಕೊಂಡು ತೆರೆದರು. ಒಳಗೆ ಕಪ್ಪೆಯ ಹೃದಯ.

"ಮೆಡಿಕಲ್‌ಗೆ ಹೋಗೋಳಾ ನೀನು?"

"ಹೂಂ ಮೇಡಂ" ಎಂದೆ. ಇನ್ನು ಬೈಗುಳದ ಮಳೆ ಎಂದು ತಲೆ ತಗ್ಗಿಸಿದೆ. ಅವರು ಗೈಡ್ ಮುಚ್ಚಿ, ಹೋದ ಸಲ ನೀಟಿನಲ್ಲಿ ಬರೆದ ಉತ್ತರಗಳನ್ನು ತರಲು ಹೇಳಿದರು. ಮರುದಿನ ತಂದುಕೊಟ್ಟೆ. ನೀಟಿನ ಬಯಾಲಜಿಯಲ್ಲಿ ಅರ್ಧ ಬಾಟನಿ, ಅರ್ಧ ಜುವಾಲಜಿ. ನೋಡುತ್ತ ನೋಡುತ್ತ ಅವರ ಮುಖ ಕೆಂಪೇರಿತು.

"ಪ್ರಾಣಿಗಳದ್ದೆಲ್ಲ ಸರಿ ಮಾಡಿದೀಯ. ತಪ್ಪೆಲ್ಲ ನನ್ನ ಸಬ್ಜೆಕ್ಟಲ್ಲೇನೇ? ನನ್ನ ಸ್ಟೂಡೆಂಟ್ ಆಗಿ ಮಾನ ಮರ್ಯಾದೆ ಇದೆಯಾ?"

"ಆಗ ನಾನಿನ್ನೂ ನಿಮ್ಮ ಸ್ಟೂಡೆಂಟ್ ಆಗಿರ್ಲಿಲ್ಲ ಮೇಡಂ."

"ಈಗ ಆಗಿದೀಯಲ್ಲ! ನಾಳೆಯಿಂದ ಎಂಟು ಗಂಟೆಗೆ ಬಾ."

ಅಂದಿನಿಂದ ದಿನಾ ಬೆಳಿಗ್ಗೆ ಕೆಂಗೇರಿಯಿಂದ ಮೆಟ್ರೋ ಹಿಡಿದು ಬರುತ್ತಿದ್ದರು. ಬೀಗ ತೆಗೆದು, ಕುಂಡಗಳಿಗೆ ನೀರು ಹಾಕಿ, ನನ್ನ ತಲೆಗೆ ಬಾಟನಿ ಹಾಕುತ್ತಿದ್ದರು. ತಪ್ಪು ಹೇಳಿದರೆ ಸೀಮೆಸುಣ್ಣ ಬೀಸಿ ಬರುತ್ತಿತ್ತು. ಗುರಿ ಯಾವತ್ತೂ ತಪ್ಪುತ್ತಿರಲಿಲ್ಲ. ಸರಿ ಹೇಳಿದರೆ ಅವರ ಡಬ್ಬಿಯಿಂದ ಒಂದು ಚಪಾತಿ ನನ್ನ ಪಾಲಿಗೆ ಬರುತ್ತಿತ್ತು. ಮೊದಲ ತಿಂಗಳು ಹಸಿದುಕೊಂಡೇ ಇದ್ದೆ, ಮಾರ್ಚ್ ಹೊತ್ತಿಗೆ ದಪ್ಪಗಾದೆ.

ಏಪ್ರಿಲ್‌ನಲ್ಲಿ ಯಾವುದೋ ಸರ್ಟಿಫಿಕೇಟಿಗೆಂದು ಆಫೀಸಿಗೆ ಹೋದಾಗ ಆ ಕ್ಲರ್ಕ್ ಕೇಳಿದರು, "ನೀಟ್ ತಯಾರಿ ಹೇಗಿದೆಯಮ್ಮ?" ಚೆನ್ನಾಗಿದೆ ಸಾರ್ ಎಂದೆ. ಅವರು ನಿಟ್ಟುಸಿರು ಬಿಟ್ಟರು.

"ನಿಮಗೆ ಒಳ್ಳೇದಾಗ್ಲಿ ಅನ್ನೋಕೂ ಭಯ ಆಗುತ್ತೆ. ಮೂರು ಜನಕ್ಕಿಂತ ಕಮ್ಮಿ ಆದ್ರೆ ಬಾಟನಿ ಮುಚ್ತೀವಿ ಅಂತ ಮ್ಯಾನೇಜ್‌ಮೆಂಟ್ ಹೇಳ್ಬಿಟ್ಟಿದೆ. ಮೇಡಂ ಪರ್ಮನೆಂಟೂ ಅಲ್ಲ. ನೀವು ಹೋದ್ರೆ ಅವ್ರೂ ಹೋದಂಗೇ."

ಕಾಫಿ, ವಡೆ, ಫೋನು ಎಲ್ಲ ಆಗ ಅರ್ಥವಾಯಿತು. ಕೋಪ ಉಕ್ಕಿತು. ಮೆಟ್ಟಿಲು ಹತ್ತಿ ಹೋಗಿ ಕೂಗಾಡಿದೆ.

"ನಾನು ಪಾಸಾದ್ರೆ ನಿಮ್ಮ ಕೆಲ್ಸ ಹೋಗುತ್ತೆ ಅಂತ ಯಾಕೆ ಹೇಳ್ಲಿಲ್ಲ? ಗೊತ್ತಿದ್ದೂ ಗೊತ್ತಿದ್ದೂ ನನಗೆ ಪಾಠ ಮಾಡ್ತಾ ಇದೀರಲ್ಲ, ನಿಮಗೇನು ತಲೆ ಕೆಟ್ಟಿದೆಯಾ ಮೇಡಂ?"

ಅವರು ಪುಸ್ತಕದ ಪುಟ ಮಗುಚಿದರು. "ಅದು ನನ್ನ ತಲೆನೋವು ಕಣೇ. ನಿನ್ನ ತಲೆನೋವು ದ್ಯುತಿಸಂಶ್ಲೇಷಣೆ. ಕೂತ್ಕೋ. ನಿನ್ನೆ ಕೇಳಿದ್ದಕ್ಕೆ ಉತ್ತರ ಹೇಳು."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ವಡೆ ತಿಂದ ಋಣ ಅಮ್ಮನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಅವತ್ತಿನಿಂದ ಅಳತೆಗೆ ಬಂದವರೆಲ್ಲರಿಗೂ ಟೇಪು ಸುತ್ತಿ ಹಿಡಿದುಕೊಂಡು, "ನಿಮ್ ಮಗಳನ್ನ ಬಾಟನಿಗೆ ಸೇರಿಸ್ರಿ, ಅಂಥ ಮೇಡಂ ಎಲ್ಲೂ ಸಿಗಲ್ಲ" ಎನ್ನತೊಡಗಿದರು. ಸೇರಿಸಿದರೆ ಬ್ಲೌಸಿನ ಬೆನ್ನಿಗೆ ಡಿಸೈನ್ ಪುಕ್ಕಟೆ ಎಂದೂ ಹೇಳಿ ನೋಡಿದರು. "ಡಿಸೈನ್ ಇಲ್ದಿದ್ರೂ ಪರವಾಗಿಲ್ಲಮ್ಮ, ಮಗಳು ಬಿಸಿಎ ಓದ್ಲಿ" ಎಂದರು ಒಬ್ಬರು. ಉಳಿದವರು ಅಷ್ಟು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಯಾರೂ ಸೇರಿಸಲೂ ಇಲ್ಲ.

ಮೇ ತಿಂಗಳಲ್ಲಿ ಪರೀಕ್ಷೆ ಬರೆದೆ. ಬಾಟನಿಯ ಒಂದೊಂದು ಪ್ರಶ್ನೆಗೆ ಸರಿಯುತ್ತರ ಗುರುತು ಮಾಡುವಾಗಲೂ ಮೇಡಂ ಕೂರುವ ಕುರ್ಚಿಯ ಕಾಲನ್ನು ನಾನೇ ಕತ್ತರಿಸುತ್ತಿದ್ದೇನೆ ಅನ್ನಿಸುತ್ತಿತ್ತು. ಹಾಗೆಂದು ಒಂದನ್ನೂ ಬಿಡಲಿಲ್ಲ. ಸುಳ್ಳೇಕೆ, ನನಗೆ ಸೀಟು ಬೇಕಿತ್ತು.

ಸೀಟು ಸಿಕ್ಕಿತು, ಸರ್ಕಾರಿ ಕಾಲೇಜಿನಲ್ಲೇ. ಓನರ್ ಆಂಟಿ ಇಡೀ ಬೀದಿಗೆ ಸ್ವೀಟು ಹಂಚಿ, ಬಾಟನಿ ತಗೋ ಎಂದು ಹೇಳಿದ್ದೇ ತಾನೆಂದು ಸಾರಿದರು. ನಾನು ಟಿ.ಸಿ. ತೆಗೆದುಕೊಳ್ಳಲು ಹೋದೆ. ಕಾಲೇಜು ಬಿಡುವವರ ಬಳಿ ತಮ್ಮ ವಿಭಾಗದ್ದೇನೂ ಬಾಕಿ ಉಳಿದಿಲ್ಲ ಎಂದು ಒಂದು ಹಾಳೆಯ ಮೇಲೆ ಎಲ್ಲ ವಿಭಾಗಗಳ ಮುಖ್ಯಸ್ಥರು ಸಹಿ ಹಾಕಬೇಕು. ಲೈಬ್ರರಿ, ಕೆಮಿಸ್ಟ್ರಿ, ಆಟದ ಮೇಷ್ಟ್ರು ಎಲ್ಲರ ಸಹಿಯಾಯಿತು. ಬಾಟನಿಯ ಜಾಗವೊಂದೇ ಖಾಲಿ ಇತ್ತು. ಹಾಳೆಯನ್ನು ಬೆನ್ನ ಹಿಂದೆ ಹಿಡಿದು ಆ ಬಾಗಿಲಲ್ಲಿ ನಿಂತೆ.

ಮೇಡಂ ಹಾಳೆ ಕಿತ್ತುಕೊಂಡು ಸಹಿ ಹಾಕಿದರು. ಸೀಲು ಒತ್ತಿದರು. ಸರಿಯಾಗಿ ಮೂಡಿಲ್ಲವೆಂದು ಇಂಕಿಗೆ ಅದ್ದಿ ಇನ್ನೊಮ್ಮೆ ಒತ್ತಿದರು. "ಮಸುಕಾಗಿದ್ರೆ ಕೆಳಗೆ ವಾಪಸ್ ಕಳಿಸ್ತಾರೆ" ಎಂದರು.

ನಾನು ಅಳಲು ಶುರು ಮಾಡಿದೆ. "ಮೇಡಂ, ನೀವೇನ್ ಮಾಡ್ತೀರ?"

"ಏನೋ ಮಾಡ್ತೀನಿ, ಎಲ್ಲಾದ್ರೂ ಕೇಳ್ತೀನಿ" ಎಂದರು. ಆಮೇಲೆ, ಯಾವತ್ತೂ ಇಲ್ಲದ ಸಂಕೋಚದಿಂದ, ನನ್ನ ಮುಖ ನೋಡದೆ ಹೇಳಿದರು: "ನಿನ್ನ ನೀಟ್ ಮಾರ್ಕ್ಸಿಂದು ಒಂದು ಝೆರಾಕ್ಸ್ ಕೊಡ್ತೀಯಾ? ಕೆಲ್ಸ ಕೇಳೋಕೆ ಹೋದ ಕಡೆ ತೋರಿಸ್ಬಹುದು, ನಾನು ಪಾಠ ಮಾಡಿದ ಹುಡುಗಿ ಅಂತ."

ಕಣ್ಣೊರೆಸಿಕೊಂಡು ಓಡಿದೆ. ಎದುರಿನ ಅಂಗಡಿಯವನು ಎಷ್ಟು ಎಂದ. ಹತ್ತು ಎಂದೆ.

ಮೇಡಂ ಅವುಗಳನ್ನು ಕೈಯಲ್ಲಿ ಹಿಡಿದು ನಕ್ಕರು. "ಹುಚ್ಚಿ, ಹತ್ತು ಕಡೆ ಕೆಲ್ಸ ಕೇಳ್ಲೇನೇ ನಾನು?" ಎಂದು ಎರಡು ಇಟ್ಟುಕೊಂಡು ಉಳಿದದ್ದನ್ನು ನನ್ನತ್ತ ಚಾಚಿದರು. ನಾನು ಕೈ ನೀಡುವಷ್ಟರಲ್ಲಿ ಏನೋ ಯೋಚಿಸಿ ಹಿಂದಕ್ಕೆ ತೆಗೆದುಕೊಂಡರು.

"ಇರ್ಲಿ ಬಿಡು. ಬೇಕಾಗ್ಬಹುದು" ಎಂದು ಹತ್ತನ್ನೂ ಚೀಲದಲ್ಲಿ ಇಟ್ಟುಕೊಂಡರು.