‘ಪತ್ತುಲೆ’ ಎಂದದ್ದು ನನ್ನದೇ ಸ್ವರ

ಮುಂಬೈಯಿಂದ ಹೊರಟ ವಿಮಾನ ಬೆಳಿಗ್ಗೆ ಒಂಬತ್ತಕ್ಕೆ ಮಂಗಳೂರಿನಲ್ಲಿ ಇಳಿಯಿತು. ಹೊರಗೆ ಬಂದ ಐದೇ ನಿಮಿಷಕ್ಕೆ ರವಿಕೆ ಬೆನ್ನಿಗೆ ಅಂಟಿತು. ಪಣಂಬೂರಿಗೆ ಏಳುನೂರು ಎಂದ ಟ್ಯಾಕ್ಸಿಯಾತ. ಚೌಕಾಸಿ ಮಾಡಬೇಕೋ, ಕಂಪೆನಿಯ ಖರ್ಚೆಂದು ಸುಮ್ಮನಿರಬೇಕೋ ತಿಳಿಯದೆ ಹತ್ತಿ ಕುಳಿತೆ. ಹದಿನೆಂಟು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ಟೂಲ್ ಬಾಕ್ಸ್ ಹೊತ್ತು ಸಿಟಿ ಬಸ್ಸಿನಲ್ಲಿ ಓಡಾಡಿದವಳು ನಾನು. ಆಗ ಸ್ಕ್ಯಾನ್ ಯಂತ್ರ ರಿಪೇರಿ ಮಾಡುವ ಹುಬ್ಬಳ್ಳಿಯ ಇಂಜಿನಿಯರ್, ಈಗ ಅದೇ ಕಂಪೆನಿಯ ಉಪಾಧ್ಯಕ್ಷೆ. ಸ್ಕ್ರೂಡ್ರೈವರ್ ಮುಟ್ಟಿ ಎಷ್ಟು ಕಾಲವಾಯಿತೋ ನೆನಪಿಲ್ಲ.

ಬ್ಯಾಗಿನಲ್ಲಿ ಒಂದು ಪತ್ರವಿತ್ತು. ಪಣಂಬೂರಿನ ಬಳಿಯ ಸಣ್ಣ ಆಸ್ಪತ್ರೆಯೊಂದರ ಹಳೆಯ ಸಿ.ಟಿ. ಯಂತ್ರಕ್ಕೆ ಮುಂದಿನ ತಿಂಗಳಿಂದ ನಮ್ಮ ರಿಪೇರಿಯೂ ಇಲ್ಲ, ಬಿಡಿಭಾಗವೂ ಇಲ್ಲ ಎಂಬ ಪತ್ರ. ಸಹಿ ನನ್ನದೇ. ಆ ಯಂತ್ರವನ್ನು ಕೂರಿಸಿದವಳೂ ನಾನೇ. ಒಂದು ಇಮೇಲ್ ಹಾಕಿದ್ದರೆ ಸಾಕಿತ್ತು. ಆದರೂ ಟಿಕೆಟ್ ತೆಗೆಸಿ ಹೊರಟು ಬಂದೆ.

ಕಾವೂರಿನ ಕೆರೆ ಬಂದಾಗ, “ಇದು ಆ ಕಡೆ ಇತ್ತಲ್ಲ?” ಎಂದೆ.

“ಕೆರೆ ಎಲ್ಲಿಗೆ ಹೋಗ್ತದೆ ಮೇಡಂ? ಅಲ್ಲಿಯೇ ಉಂಟು. ನೀವು ಆಗ ಬಸ್ಸಲ್ಲಿ ಉಲ್ಟಾ ಕೂತಿರ್ಬೇಕು,” ಎಂದ ಚಾಲಕ.

ಕೂಳೂರು ದಾಟಿ, ಲಾರಿಗಳ ಸಾಲಿನಲ್ಲಿ ಸಿಕ್ಕಿ, ಆಸ್ಪತ್ರೆ ತಲುಪುವಾಗ ಹತ್ತೂವರೆ. ಸ್ಕ್ಯಾನ್ ಕೋಣೆಯ ಟೆಕ್ನಿಷಿಯನ್ ವಾಸಣ್ಣ ಬಾಗಿಲಲ್ಲೇ ನಿಂತಿದ್ದರು. ಕೂದಲು ಪೂರ್ತಿ ಬಿಳಿ, ನಗು ಮಾತ್ರ ಹಳೆಯದು.

“ಹೆಂಗದೀರಿ ವಾಸಣ್ಣ?”

“ನನ್ನದು ಬಿಡಿ. ನೀವು ಉಪಾಧ್ಯಕ್ಷೆ ಅಂತೆ? ನಮ್ಮ ಪಂಚಾಯ್ತಿಯಲ್ಲಿಯೂ ಒಬ್ಬರು ಇದ್ದಾರೆ. ಅವರಿಗೆ ಎಂತ ಕೆಲಸ ಅಂತ ಅವರಿಗೇ ಗೊತ್ತಿಲ್ಲ ಮಾರಾಯ್ರೆ.”

ನನಗೂ ಗೊತ್ತಿಲ್ಲ ಎನ್ನಬೇಕೆನಿಸಿತು. ನಕ್ಕೆ. ಕ್ಯಾಂಟೀನಿನಿಂದ ಬನ್ಸ್, ಚಹಾ ತರಿಸಿದರು. ಬನ್ಸ್ ಬಿಸಿಯಾಗಿತ್ತು, ಎರಡು ತಿಂದೆ. ಪತ್ರ ಕೊಡಲು ಬಂದವಳು ಹೊಟ್ಟೆ ತುಂಬ ತಿನ್ನಬಹುದೋ ಬಾರದೋ ಎಂಬ ಅನುಮಾನ ಎರಡನೆಯದು ಮುಗಿದ ಮೇಲೆ ಬಂತು.

ಅಷ್ಟರಲ್ಲಿ ಬಂದರಿನ ಕೂಲಿಯಾಳೊಬ್ಬರನ್ನು ಎದೆಯ ಸ್ಕ್ಯಾನಿಗೆ ಕರೆತಂದರು. ವಾಸಣ್ಣ ಅವರನ್ನು ಮಲಗಿಸಿ, ಗಾಜಿನ ಈಚೆ ಬಂದು ಗುಂಡಿ ಒತ್ತಿದರು. ಯಂತ್ರದೊಳಗಿಂದ ಒಂದು ಹುಡುಗಿಯ ಸ್ವರ ಬಂತು: “ಪತ್ತುಲೆ.” ಮಲಗಿದಾತ ತಟ್ಟನೆ ಎರಡೂ ಕೈಯಲ್ಲಿ ಹಲಗೆಯ ಅಂಚನ್ನು ಹಿಡಿದುಕೊಂಡರು. ವಾಸಣ್ಣ ಮೈಕಿಗೆ ಬಾಯಿಟ್ಟು, “ಉಸುಲು, ಉಸುಲು! ಕೈ ಅತ್ತ್!” ಎಂದು ಕೂಗಿದರು. ಉಸಿರು, ಕೈಯಲ್ಲ ಎಂದು.

ಸ್ವರ ನನ್ನದು. ಉಸಿರು ಹಿಡಿಯಿರಿ, ಬಿಡಿ ಎಂದು ರೋಗಿಗೆ ಹೇಳುವ ಮಾತನ್ನು ತುಳುವಿನಲ್ಲಿ ಧ್ವನಿಮುದ್ರಿಸುವ ಉತ್ಸಾಹ ಆಗ ನನಗೆ. ವಾಸಣ್ಣನ ಹತ್ತಿರ ಕಲಿತೇ ಹೇಳಿದ್ದೆ. ಆದರೆ ‘ಹಿಡಿಯಿರಿ’ ಎಂಬ ‘ಪತ್ತುಲೆ’ ಹೇಳಿ, ಏನನ್ನು ಹಿಡಿಯಬೇಕೆಂಬ ‘ಉಸುಲು’ ಮರೆತಿದ್ದೆ.

“ಹದಿನೆಂಟು ವರ್ಷದಿಂದ ಹೀಗೇನಾ? ಅಳಿಸಿ ಬೇರೆ ಹಾಕಬಹುದಿತ್ತಲ್ಲ?”

“ಅಳಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ಅರ್ಧ ನೀವು ಹೇಳ್ತೀರಿ, ಅರ್ಧ ನಾನು ಹೇಳ್ತೇನೆ. ಕೆಲಸ ಆಗ್ತದೆ.”

ಸ್ಕ್ಯಾನ್ ಮುಗಿಯಿತು. “ಬುಡ್ಲೆ,” ಎಂದಿತು ನನ್ನ ಸ್ವರ, ಬಿಡಿ ಎಂದು. ಆತ ಉಸಿರು ಬಿಟ್ಟರು. ನನಗೆ ಅಳು ಬಂತು, ಯಾತಕ್ಕೆಂದು ಸ್ಪಷ್ಟವಿಲ್ಲ. ಯಂತ್ರ ಹಳೆಯದು ನಿಜ, ಅದರ ಭಾಗಗಳನ್ನು ಯಾರೂ ತಯಾರಿಸುತ್ತಿಲ್ಲ ಎಂಬುದೂ ನಿಜ. ಅದು ಕೆಟ್ಟ ದಿನ ಇಂಥವರು ಸ್ಕ್ಯಾನಿಗೆ ನಗರದೊಳಗಿನ ಕೊಡಿಯಾಲ್‌ಬೈಲ್‌ವರೆಗೆ ಆ ಟ್ರಾಫಿಕ್ಕಿನಲ್ಲಿ ಹೋಗಬೇಕು ಎಂಬುದೂ ನಿಜ. ಇನ್ನೊಂದು ವರ್ಷ ಕೊಡುವ ಅಧಿಕಾರ ನನಗಿತ್ತು. ಕೊಟ್ಟರೆ ಇಂಥ ಇನ್ನೆಷ್ಟೋ ಆಸ್ಪತ್ರೆಗಳು ಕೇಳುತ್ತವೆ. ನನ್ನೊಳಗಿನ ಇಂಜಿನಿಯರ್ ಹುಡುಗಿ ಒಂದು ಹೇಳಿದಳು, ಉಪಾಧ್ಯಕ್ಷೆ ಇನ್ನೊಂದು. ಯಾರ ಮಾತು ಕೇಳಬೇಕೆಂದು ತಿಳಿಯದೆ ನಿಂತೆ.

ವಾಸಣ್ಣನೇ ಕೇಳಿದರು: “ಬ್ಯಾಗ್ ಕೆಳಗೆ ಇಡ್ಲೇ ಇಲ್ಲ ನೀವು. ಅದರಲ್ಲಿ ಕಾಗದ ಉಂಟಲ್ಲ? ಕೊಟ್ಟುಬಿಡಿ. ನಾನು ಡಾಕ್ಟ್ರಿಗೆ ಕೊಡ್ತೇನೆ.”

ಕೊಟ್ಟೆ. ಅವರು ಓದಿ, ಮಡಚಿ ಜೇಬಿಗೆ ಹಾಕಿಕೊಂಡರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ.

“ಒಂದು ಕೇಳ್ಲಿಕ್ಕುಂಟು. ನಿಮ್ಮ ಈ ಸ್ವರ ತೆಗೆದು ಹೊಸ ಮೆಷಿನಿಗೆ ಹಾಕ್ಲಿಕ್ಕೆ ಆಗ್ತದಾ?”

ಹೊಸ ಯಂತ್ರ ಕೊಳ್ಳುವ ಶಕ್ತಿ ಆ ಆಸ್ಪತ್ರೆಗಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. “ನೋಡೋಣ,” ಎಂದೆ.

“ಹಾಂ. ಆಫೀಸಿನವರು ಹಾಗೆಯೇ ಹೇಳುವುದು,” ಎಂದರು. ಗೇಟಿನವರೆಗೆ ಬಂದು ರಿಕ್ಷಾ ಹತ್ತಿಸಿದರು.

ಸಂಜೆ ಐದರ ವಿಮಾನ. ಪಕ್ಕದ ಸೀಟಿನಲ್ಲಿ ಮಗಳ ಮನೆಗೆ ಹೊರಟ ವಯಸ್ಸಾದ ಹೆಂಗಸು. ಬಜ್ಪೆ ಗುಡ್ಡದ ಮೇಲಿನ ರನ್‌ವೇ ಮುಗಿದು ನೆಲ ಒಮ್ಮೆಲೇ ಕೆಳಗೆ ಜಾರಿತು. ಸೀಟಿನ ಕೈ ಎಂದುಕೊಂಡು ನಾನು ಗಟ್ಟಿಯಾಗಿ ಹಿಡಿದದ್ದು ಆಕೆಯ ಮಣಿಕಟ್ಟನ್ನು. ಉಸಿರನ್ನೂ ಹಿಡಿದಿದ್ದೆ. ಕಿಟಕಿಯಾಚೆ ಬಂದರಿನ ಕ್ರೇನುಗಳು ಕಂಡವು. ಆಸ್ಪತ್ರೆ ಯಾವ ಕಡೆಗಿದೆಯೆಂದು ಎಷ್ಟು ಹುಡುಕಿದರೂ ತಿಳಿಯಲಿಲ್ಲ.

“ಬುಡ್ಲೆ,” ಎಂದರು ಆಕೆ ಮೆಲ್ಲಗೆ, “ಬೇನೆ ಆಪುಂಡು.”

ನೋವಾಗುತ್ತದೆ, ಬಿಡಿ ಎಂದು. ನಾನು ಕೈ ಬಿಟ್ಟೆ.