ಹದಿನಾಲ್ಕು ಜನರನ್ನು ಅಳಿಸುವ ಆಜ್ಞೆ

ನನಗೆ ಸಿಟ್ಟು ಬರುವುದು ನಿಧಾನ. ಬಂದರೆ ಹೋಗುವುದು ಇನ್ನೂ ನಿಧಾನ. ಈಗ ಹೇಳಹೊರಟಿರುವ ಸಿಟ್ಟಿಗೆ ಎಂಟು ತಿಂಗಳು ತುಂಬಿದೆ.

ಹಾಸನದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ದಿನಾ ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಪಕ್ಕದ ಸೀಟಿನವರು ಏನು ಕೆಲಸ ಎಂದು ಕೇಳಿದರೆ ಮೊದಮೊದಲು ಲಿನಕ್ಸ್, ಸ್ಟೋರೇಜ್ ಎಂದೆಲ್ಲ ವಿವರಿಸುತ್ತಿದ್ದೆ. ಶಾಂತಿಗ್ರಾಮ ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿರುತ್ತಿತ್ತು. ಈಗ ಜನರ ಸ್ಕ್ಯಾನ್ ಫೋಟೋ ಜೋಪಾನ ಮಾಡುತ್ತೇನೆ ಎಂದಷ್ಟೇ ಹೇಳುತ್ತೇನೆ. ಇದಕ್ಕಿಂತ ಸರಿಯಾದ ವಿವರಣೆ ನನಗೂ ಗೊತ್ತಿಲ್ಲ.

ಜೋಪಾನ ಮಾಡಲು ನಮ್ಮಲ್ಲಿ ಎರಡು ಸರ್ವರುಗಳಿದ್ದವು. ಒಂದು ಕೆಳಗೆ, ಒಂದು ಮಹಡಿಯ ಮೇಲೆ. ಎರಡರಲ್ಲೂ ಲಿನಕ್ಸ್, ನಡುವೆ ಒಂದು ಕೇಬಲ್. ಹೀಗೆ ಎರಡು ಕಡೆ ಬರೆದಿಡುವುದಕ್ಕೆ ಹಲವು ಬಗೆಗಳಿವೆ. ಗಂಟೆಗೊಮ್ಮೆ ಒಟ್ಟಿಗೆ ಕಳಿಸಬಹುದು. ಆಗ ಆ ಗಂಟೆಯೊಳಗೆ ಯಂತ್ರ ಕೆಟ್ಟರೆ ಅಷ್ಟು ಹೊತ್ತಿನದು ಹೋಯಿತು. ಇಲ್ಲಿ ಬರೆದು 'ಆಯಿತು' ಎಂದು ಹೇಳಿಬಿಟ್ಟು, ಅಲ್ಲಿಗೆ ಆಮೇಲೆ ತಿಳಿಸಬಹುದು. ಅಥವಾ ಎರಡೂ ಕಡೆ ಬರೆದಾದ ಮೇಲೆಯೇ 'ಆಯಿತು' ಎನ್ನಬಹುದು. ನಾನು ಆರಿಸಿದ್ದು ಈ ಮೂರನೆಯದನ್ನು. ಒಂದು ಯಂತ್ರ ಸತ್ತರೆ ಇನ್ನೊಂದು ತಾನೇ ಯಜಮಾನನಾಗಿ ಕೆಲಸ ಮುಂದುವರಿಸುತ್ತದೆ. ಆದರೆ ಎರಡೂ ಬದುಕಿದ್ದು ನಡುವಿನ ಕೇಬಲ್ ಮಾತ್ರ ತುಂಡಾದರೆ? ಎರಡೂ 'ಅವನು ಸತ್ತ, ಇನ್ನು ನಾನೇ' ಎಂದುಕೊಳ್ಳುತ್ತವೆ. ಅದಕ್ಕೇ ತೀರ್ಪು ಹೇಳಲು ಮೂರನೆಯದೊಂದು ಸಣ್ಣ ಯಂತ್ರ ಬೇಕು ಎಂದು ನಮ್ಮ ಡಾಕ್ಟರನ್ನು ಎರಡು ವರ್ಷ ಕೇಳಿದ್ದೆ. ಸೆಂಟರು ಅವರದೇ. ಎರಡಿದೆಯಲ್ಲ ಸಾಕು ಎಂದರು. ಆಮೇಲೆ ರಿಸೆಪ್ಷನ್ನಿನ ಮೇಲ್ಛಾವಣಿಗೆ ಬಣ್ಣದ ದೀಪ ಹಾಕಿಸಲು ಜನ ಕರೆಸಿದರು.

ಆ ದೀಪದವರು ಒಂದು ಸೋಮವಾರ ಬೆಳಿಗ್ಗೆ ಛಾವಣಿ ಕೊರೆಯುತ್ತ ನಮ್ಮ ಕೇಬಲನ್ನೂ ಕೊರೆದರು. ಯಾರಿಗೂ ಗೊತ್ತಾಗಲಿಲ್ಲ. ನನಗೂ ಇಲ್ಲ, ಎಚ್ಚರಿಕೆಯ ಸಂದೇಶ ನನ್ನ ಮೊಬೈಲಿಗೆ ಬಂದಿತ್ತು, ಮೊಬೈಲು ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಕೆಳಗಿತ್ತು. ಇಡೀ ದಿನ ಕೆಳಗಿನ ಎಕ್ಸ್‌ರೇ, ಸಿ.ಟಿ.ಗಳೆಲ್ಲ ಕೆಳಗಿನ ಯಂತ್ರಕ್ಕೆ, ಮೇಲಿನ ಅಲ್ಟ್ರಾಸೌಂಡ್ ಎಲ್ಲ ಮೇಲಿನ ಯಂತ್ರಕ್ಕೆ ಹೋದವು. ಸಂಜೆ ಮೊಬೈಲು ನೋಡಿ ಓಡಿಹೋಗಿ ಕೇಬಲ್ ಜೋಡಿಸಿದರೆ ಎರಡೂ ಒಂದರ ಮಾತು ಇನ್ನೊಂದು ಕೇಳಲೊಲ್ಲವು.

ಕನ್ನಡದಲ್ಲಿ 'ಪ್ರತಿ' ಎಂಬ ಮಾತಿದೆಯಲ್ಲ, ನಕಲಿಗೂ ಅದೇ, ಎದುರಾಳಿಗೂ ಅದೇ. ಪುಸ್ತಕದ ಪ್ರತಿ, ಕೋರ್ಟಿನ ಪ್ರತಿವಾದಿ. ಶಾಲೆಯಲ್ಲಿ ಇದನ್ನು ಓದಿದಾಗ ಭಾಷೆಗೆ ಪದಗಳ ಬಡತನ ಎಂದುಕೊಂಡಿದ್ದೆ. ಬಡತನ ನನ್ನ ಬುದ್ಧಿಯದು.

ಇಂಥ ಜಗಳ ಬಿಡಿಸಲು ಒಂದು ಆಜ್ಞೆ ಇದೆ. ಸೋಲಬೇಕಾದ ಯಂತ್ರದ ಮುಂದೆ ಕೂತು 'ನನ್ನದನ್ನು ಎಸೆದುಬಿಡು' ಎಂದು ಅದರ ಬಾಯಲ್ಲೇ ಹೇಳಿಸುವ ಆಜ್ಞೆ. ಆಮೇಲೆ ಅದು ಗೆದ್ದವನದನ್ನು ನಕಲು ಮಾಡಿಕೊಳ್ಳುತ್ತದೆ. ಇದನ್ನು ಡಾಕ್ಟರಿಗೆ ವಿವರಿಸಿದೆ. ಅವರು ಕಾರಿನ ಕೀ ತಿರುಗಿಸುತ್ತ ಎಲ್ಲಿ ಎಷ್ಟಿದೆ ಎಂದು ಕೇಳಿದರು. ಮೇಲಿನದರಲ್ಲಿ ಹದಿನಾಲ್ಕು ಜನರದು, ಕೆಳಗಿನದರಲ್ಲಿ ಅದರ ಐದರಷ್ಟು ಎಂದೆ.

"ಮೇಲಿಂದು ಕಮ್ಮಿ ಅಲ್ವಾ ಮೇಡಂ, ಅದನ್ನ ತೆಗೆದುಹಾಕಿ. ಆ ಹದಿನಾಲ್ಕು ಜನಾನ ಇನ್ನೊಂದ್ಸಲ ಕರೆಸಿದ್ರಾಯ್ತು" ಎಂದು ಅವರು ಹೊರಟರು.

ಇಲ್ಲಿ ನಾನು ಸಿಡಿದೆದ್ದೆ ಎಂದು ಬರೆಯಲು ಆಸೆ. ನಿಜವೆಂದರೆ ಆ ಆಜ್ಞೆಯನ್ನು ಪೂರ್ತಿ ಟೈಪ್ ಮಾಡಿ, ಗುಂಡಿ ಒತ್ತುವ ಮೊದಲು ಗಡಿಯಾರ ನೋಡಿದೆ. ಕೂರಲು ಜಾಗ ಸಿಗುವ ಬಸ್ಸಿಗೆ ಹತ್ತೇ ನಿಮಿಷವಿತ್ತು. ನಾಳೆ ನೋಡೋಣ ಎಂದು ಎದ್ದೆ. ಆ ಹದಿನಾಲ್ಕು ಜನರನ್ನು ಉಳಿಸಿದ್ದು ನನ್ನ ನೀತಿಯಲ್ಲ, ಕಿಟಕಿ ಪಕ್ಕದ ಸೀಟು.

ಮರುದಿನ ಬೆಳಿಗ್ಗೆ ಹೋದಾಗ ರಿಸೆಪ್ಷನ್ನಿನಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಹಳೇಕೋಟೆಯ ಸಾಕಮ್ಮ. ಅವರ ಗಂಡ ಜವರೇಗೌಡರ ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ಕೀವು ಕಟ್ಟಿಕೊಂಡಿತ್ತು. ಹಿಂದಿನ ದಿನ ನಮ್ಮ ಮಹಡಿಯಲ್ಲೇ ಸ್ಕ್ಯಾನ್ ಮಾಡಿ, ಸೂಜಿ ಹಾಕಿ ಅದನ್ನು ಎಳೆದಿದ್ದರು. ಗೌಡರು ಪಕ್ಕದ ನರ್ಸಿಂಗ್ ಹೋಮಿನಲ್ಲಿದ್ದರು. ಎಳೆಯುವ ಮುಂಚಿನ ಚಿತ್ರ ನೋಡದೆ ಆಪರೇಷನ್ ಬೇಕೋ ಬೇಡವೋ ಹೇಳಲಾರೆ ಎಂದು ಮೈಸೂರಿನ ಡಾಕ್ಟರು ಹೇಳಿದ್ದರಂತೆ. ಕೌಂಟರಿನ ಹುಡುಗಿ, ನಿನ್ನೆಯದು ಅಳಿಸಿಹೋಗಿದೆ, ಇನ್ನೊಮ್ಮೆ ಬನ್ನಿ, ತೆಗೆದುಕೊಡುತ್ತೇವೆ ಎಂದು ನಮ್ಮ ಡಾಕ್ಟರು ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತಿದ್ದಳು.

ಸಾಕಮ್ಮ ದನಿ ಏರಿಸಲಿಲ್ಲ. ನನ್ನ ಕಡೆ ತಿರುಗಿ, "ಇನ್ನೊಂದ್ಸಲ ತೆಗೀತೀವಿ ಅಂತಾವ್ರಲ್ಲವ್ವ, ಕೀವೆಲ್ಲಾನೂ ನೆನ್ನೇನೇ ಎಳ್ದಾಕವ್ರೆ. ಆ ಕೀವ ಈಗ ಎಲ್ಲಿಂದ ತರ್ಲಿ ನಾನು?" ಎಂದು ಕೇಳಿದರು.

ಆಗ ಬಂತು ನನಗೆ ಸಿಟ್ಟು. ಡಾಕ್ಟರ ಮೇಲೆ, ಬಣ್ಣದ ದೀಪದ ಮೇಲೆ, ಹಿಂದಿನ ಸಂಜೆಯ ನನ್ನ ಬೆರಳಿನ ಮೇಲೆ. ಕಡಿಮೆ ಇರುವುದನ್ನು ಎಸೆಯಬೇಕು ಎಂಬುದು ಯಾವ ನ್ಯಾಯ? ಹದಿನಾಲ್ಕು ಎಂದರೆ ಬರೀ ಎಣಿಕೆಯೇ? ಈಲಿಯೊಂದು ಕೀವು ತುಂಬಿ ಹೇಗಿತ್ತು ಎನ್ನುವುದಕ್ಕೆ ಲೋಕದಲ್ಲಿ ಇದ್ದ ಒಂದೇ ಸಾಕ್ಷಿ ಅದು. ಅದನ್ನು ಅಳಿಸಿಯಾಗಿದೆ ಎಂದು, ಅಳಿಸುವ ಮೊದಲೇ, ಒಬ್ಬ ಹೆಂಗಸಿಗೆ ಹೇಳಿಸಿದ್ದರು.

ಮೇಲೆ ಹೋಗಿ ಮಹಡಿಯ ಯಂತ್ರದಲ್ಲಿದ್ದುದೆಲ್ಲವನ್ನೂ ಬೇರೊಂದು ಡಿಸ್ಕಿಗೆ ತೆಗೆದುಕೊಂಡೆ. ಹದಿನಾಲ್ಕು ಇವೆಯೇ ಎಂದು ಮೂರು ಸಲ ಎಣಿಸಿದೆ. ಆಮೇಲಷ್ಟೇ ಆ ಆಜ್ಞೆ ಕೊಟ್ಟೆ. ಹದಿನಾಲ್ಕನ್ನೂ ತಿರುಗಿ ಒಳಗೆ ಸೇರಿಸುವಾಗ ಇನ್ನೊಂದು ತೊಡಕು ಕಂಡಿತು: ಎರಡು ಯಂತ್ರಗಳೂ ಆ ದಿನ ಒಂದೇ ನಂಬರುಗಳನ್ನು ಹಂಚಿದ್ದವು. ಜವರೇಗೌಡರ ಈಲಿಯ ನಂಬರೇ ಅರಕಲಗೂಡಿನ ಅಜ್ಜಿಯೊಬ್ಬರ ಮಂಡಿಗೂ ಇತ್ತು. ಕಣ್ಣುಮುಚ್ಚಿ ಸೇರಿಸಿದ್ದರೆ ಗೌಡರಿಗೆ ಮಂಡಿಯ ಆಪರೇಷನ್ ಆಗುತ್ತಿತ್ತೋ ಏನೋ. ಕೈಬರಹದ ರಿಜಿಸ್ಟರು ತರಿಸಿ, ಹೆಸರು, ಊರು, ಹೊತ್ತು ತಾಳೆ ನೋಡಿ ಒಂದೊಂದಕ್ಕೂ ಹೊಸ ನಂಬರು ಕೊಟ್ಟೆ. ಗೌಡರದನ್ನು ಮೊದಲು ಮುಗಿಸಿ ಮಧ್ಯಾಹ್ನದೊಳಗೆ ಮೈಸೂರಿಗೆ ಕಳಿಸಿದೆ. ಉಳಿದ ಹದಿಮೂರಕ್ಕೆ ಮರುದಿನವೂ ಬೇಕಾಯಿತು.

ಡಾಕ್ಟರಿಗೆ ಹೇಳಬೇಕಾದ್ದನ್ನು ಹೇಳಿದೆ. ಮೂರನೆಯ ಯಂತ್ರ ಬರುವವರೆಗೆ ಮಹಡಿಯ ಸರ್ವರ್ ಕೋಣೆಯ ಬೀಗದ ಕೈ ನನ್ನ ಬ್ಯಾಗಿನಲ್ಲೇ ಇರುತ್ತದೆ ಎಂದೆ. ಹದಿನೈದು ದಿನದಲ್ಲಿ ಅದು ಬಂತು. ಈಗ ಬಂದವರಿಗೆಲ್ಲ, ಮೂರು ಬೇಕೆಂಬುದು ತಮ್ಮದೇ ಯೋಚನೆ ಎಂದು ಡಾಕ್ಟರು ತೋರಿಸುತ್ತಾರೆ. ಸಿಟ್ಟು ಹೋಗದಿರಲು ಅದೂ ಒಂದು ಕಾರಣ.

ಜವರೇಗೌಡರಿಗೆ ಆಪರೇಷನ್ ಬೇಕಾಗಲಿಲ್ಲ. ಮೂರು ತಿಂಗಳಾದ ಮೇಲೆ ಹೊಸ ಸ್ಕ್ಯಾನಿಗೆ ಗಂಡಹೆಂಡತಿ ಬಂದಿದ್ದರು. ಈಲಿ ಚೊಕ್ಕಟವಾಗಿತ್ತು. ಗೌಡರು ನನ್ನನ್ನು ಹುಡುಕಿಕೊಂಡು ಬಂದು, ಕುತ್ತಿಗೆ ಕೆರೆದುಕೊಳ್ಳುತ್ತ, ಆ ಹಳೆಯ ಚಿತ್ರವನ್ನು ಇನ್ನು ಅಳಿಸಿಬಿಡಬಹುದಲ್ಲ ಎಂದು ಮೆಲ್ಲಗೆ ಕೇಳಿದರು. ಉತ್ತರ ಹಿಂದಿನಿಂದ ಬಂತು.

"ಅಳಿಸ್ಬ್ಯಾಡಿ ಕಣವ್ವ. ನಂಗೂ ಒಂದು ದೊಡ್ಡದಾಗಿ ತೆಗ್ದುಕೊಡಿ" ಎಂದರು ಸಾಕಮ್ಮ. "ಈವಯ್ಯ ಎಣ್ಣೆ ಅಂಗ್ಡಿ ಕಡೀಕೆ ಓಯ್ತೀನಿ ಅಂದಾಗೆಲ್ಲ ತೋರಿಸ್ಬೇಕು."

ತೆಗೆದುಕೊಟ್ಟೆ. ಹಳೇಕೋಟೆಯ ಆ ಮನೆಯಲ್ಲಿ ಅದು ಟಿ.ವಿ.ಯ ಮೇಲೆ, ಕಟ್ಟು ಹಾಕಿಸಿಕೊಂಡು ಕೂತಿದೆಯಂತೆ. ಬೇರೆ ಊರಿನಲ್ಲೂ ಒಂದು ಪ್ರತಿ ಇರಬೇಕು ಎಂದು ನಮ್ಮ ಕಂಪ್ಯೂಟರ್ ಶಾಸ್ತ್ರ ಹೇಳುತ್ತದೆ. ದಿನಾ ತೆಗೆದು ನೋಡುವವರು ಇರಬೇಕು ಎಂದು ಹೇಳುವುದನ್ನು ಮಾತ್ರ ಅದು ಮರೆತಿದೆ.